ಭಾವೀ ವಿರಹ: ಬಿಡುವಿಗೆ ಮುನ್ನಿನ ಐದು ರಾತ್ರಿಗಳು

ಪ್ರವಾಸದಿಂದ ಉಂಟಾಗುವ ವಿರಹವನ್ನು ನಮ್ಮ ಆಲಂಕಾರಿಕರು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಪ್ರಿಯನು ಹೋದ ಮೇಲಿನದು ಒಂದು, ಹೊರಡುತ್ತಿರುವಾಗಿನದು ಮತ್ತೊಂದು, ಹೊರಡಲಿದ್ದಾನೆ ಎಂದು ತಿಳಿದ ಗಳಿಗೆಯಿಂದಲೇ ತೊಡಗುವುದು ಮೂರನೆಯದು. ಧನಂಜಯನ ‘ದಶರೂಪಕ’ದಲ್ಲಿ ಈ ಮೂರನೆಯದಕ್ಕೆ ‘ಭಾವೀ’ ಎಂಬ ಹೆಸರುಂಟು. ಪ್ರಿಯನು ಇನ್ನೂ ಕಣ್ಣೆದುರಿಗೇ ಇದ್ದಾನೆ. ಆದರೂ ಅಗಲಿಕೆಯ ಅಳಲು ಮೊದಲಾಗಿದೆ. ಇರುವುದರ ಸುಖವನ್ನೂ ಇಲ್ಲದಿರುವುದರ ದುಃಖವನ್ನೂ ಒಟ್ಟಿಗೆ ಉಣ್ಣಬೇಕಾದ ಸ್ಥಿತಿ ಅದು.

ಈ ಸ್ಥಿತಿ ಕಾವ್ಯದ ನಾಯಿಕೆಗೆ ಮಾತ್ರ ಮೀಸಲಾದುದಲ್ಲ. ಮೆಚ್ಚಿನ ವಾದ್ಯವೃಂದವೊಂದು ತನ್ನ ಸಂಚಾರವನ್ನು ನಿಲ್ಲಿಸುವುದಾಗಿ ಸಾರಿ, ಅದಕ್ಕೆ ಮುನ್ನ ಕೆಲವೇ ಕಚೇರಿಗಳನ್ನು ನಡೆಸಿಕೊಟ್ಟಾಗ ಅದರ ಅಭಿಮಾನಿಗಳು ಅನುಭವಿಸುವುದೂ ಇದನ್ನೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1974ರ ಅಕ್ಟೋಬರ್ 16ರಿಂದ 20ರವರೆಗೆ ‘ಗ್ರೇಟ್‌ಫುಲ್ ಡೆಡ್’ ಎಂಬ ವೃಂದ ನಡೆಸಿದ ಐದು ಕಚೇರಿಗಳು ಇದಕ್ಕೆ ಒಳ್ಳೆಯ ನಿದರ್ಶನ.

ಈ ವೃಂದ 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡಿತು. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಇದರ ಪ್ರಮುಖರಲ್ಲಿ ಒಬ್ಬರು. ನಮ್ಮ ಸಂಗೀತದಲ್ಲಿ ಮನೋಧರ್ಮ ಎಂದು ಕರೆಯುವ ಗುಣವೇ ಇವರ ಜೀವಾಳ. 1968ರಲ್ಲಿ ತಟ್ಟೆಯ ಮೇಲೆ ಮೂರು ನಿಮಿಷವನ್ನೂ ಮುಟ್ಟದ ‘ಡಾರ್ಕ್ ಸ್ಟಾರ್’ ಎಂಬ ಹಾಡು, ಮರುವರ್ಷ ಹೊರಬಂದ ‘ಲೈವ್ ಡೆಡ್’ ಎಂಬ ಕಚೇರಿಯ ಧ್ವನಿಮುದ್ರಿಕೆಯಲ್ಲಿ 23 ನಿಮಿಷಗಳಷ್ಟು ಬೆಳೆದಿದೆ. ಒಂದು ರಾತ್ರಿ ಹಾಡಿದುದನ್ನು ಮರುರಾತ್ರಿ ಹಾಗೆಯೇ ಹಾಡುವ ಪದ್ಧತಿ ಅವರಲ್ಲಿರಲಿಲ್ಲ. ಇಂದು ಯಾವುದನ್ನು ಹಾಡುತ್ತಾರೆ ಎಂಬುದೂ ಕೇಳುಗನಿಗೆ ಮೊದಲೇ ತಿಳಿಯುತ್ತಿರಲಿಲ್ಲ. ಆದುದರಿಂದಲೇ ‘ಡೆಡ್‌ಹೆಡ್’ ಎಂದು ಹೆಸರಾದ ಅವರ ಅಭಿಮಾನಿಗಳು ಒಂದೇ ಕಚೇರಿಗೆ ತೃಪ್ತರಾಗದೆ ಊರಿಂದೂರಿಗೆ ಅವರನ್ನು ಹಿಂಬಾಲಿಸಿದರು. 1971ರ ತಟ್ಟೆಯೊಂದರ ಹೊದಿಕೆಯಲ್ಲಿ, ಅಭಿಮಾನಿಗಳು ತಮ್ಮ ಹೆಸರು ವಿಳಾಸಗಳನ್ನು ಬರೆದು ಕಳುಹಿಸಬೇಕೆಂದು ವೃಂದವೇ ಕೋರಿತ್ತು. ಹಾಡುವವರಿಗೂ ಕೇಳುವವರಿಗೂ ನಡುವೆ ಅಂಚೆಯ ಮೂಲಕ ಒಂದು ಬಳಕೆ ಬೆಳೆಯಿತು.

ಇಷ್ಟು ಪ್ರೀತಿ ಇದ್ದೂ ಸಂಚಾರವನ್ನು ನಿಲ್ಲಿಸಿದುದೇಕೆ? ಆ ಪ್ರೀತಿಯೇ ಒಂದು ಕಾರಣವೆಂದರೆ ವಿಚಿತ್ರವಾಗಿ ತೋರಬಹುದು. ಕೇಳುಗರು ಹೆಚ್ಚಿದಂತೆ ಸಭಾಂಗಣಗಳು ದೊಡ್ಡವಾದವು. ದೊಡ್ಡ ಸ್ಥಳದಲ್ಲಿ ಕಟ್ಟಕಡೆಯವನಿಗೂ ನಾದ ಶುದ್ಧವಾಗಿ ಮುಟ್ಟಬೇಕೆಂಬ ಹಂಬಲ ಹುಟ್ಟಿತು. ಔಸ್ಲಿ ಸ್ಟ್ಯಾನ್ಲಿ ಮೊದಲಾದವರು ಇದಕ್ಕಾಗಿ ರೂಪಿಸಿದ ವ್ಯವಸ್ಥೆಗೆ ‘ಧ್ವನಿಯ ಗೋಡೆ’ ಎಂಬ ಅರ್ಥದ ಹೆಸರು ಬಂದಿತು. ಸುಮಾರು 600 ಧ್ವನಿವರ್ಧಕಗಳನ್ನು ವಾದಕರ ಬೆನ್ನ ಹಿಂದೆ ಗೋಡೆಯಂತೆ ಪೇರಿಸುತ್ತಿದ್ದರು. ಒಂದೊಂದು ವಾದ್ಯಕ್ಕೂ ಅದರದೇ ಧ್ವನಿವರ್ಧಕಗಳು. ಕೇಳುಗರಿಗೆ ಕೇಳುವುದೇ ವಾದಕರಿಗೂ ಕೇಳುತ್ತಿತ್ತು. ಆದರೆ ಇದರ ತೂಕ ಸುಮಾರು 75 ಟನ್. ಇದನ್ನು ಕಟ್ಟಿ ನಿಲ್ಲಿಸಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ಅಟ್ಟಣೆಗಳನ್ನು ಎರಡು ಜೊತೆ ಮಾಡಿಸಿ, ಒಂದು ಊರಿನಲ್ಲಿ ಕಚೇರಿ ನಡೆಯುವಾಗಲೇ ಮತ್ತೊಂದನ್ನು ಮುಂದಿನ ಊರಿಗೆ ಕಳುಹಿಸಬೇಕಾಗುತ್ತಿತ್ತು. 1973ರ ತೈಲ ಬಿಕ್ಕಟ್ಟಿನಿಂದ ಸಾಗಣೆಯ ವೆಚ್ಚವೂ ಏರಿತು. ದುಡಿದುದೆಲ್ಲ ಈ ಗೋಡೆಯನ್ನು ಹೊರುವುದಕ್ಕೇ ವ್ಯಯವಾಗತೊಡಗಿತು; ಹಾಡುವವರು ದಣಿದರು. ಕಾವ್ಯದಲ್ಲಿ ಪ್ರಿಯನು ಪ್ರವಾಸ ಹೊರಡುವುದು ವಿರಹಕ್ಕೆ ಕಾರಣ. ಇಲ್ಲಿ ಪ್ರವಾಸ ನಿಲ್ಲುವುದೇ ಕಾರಣವಾಯಿತು.

ಕೊನೆಯ ಐದು ಕಚೇರಿಗಳು ನಡೆದ ವಿಂಟರ್‌ಲ್ಯಾಂಡ್, ಮೂಲತಃ ಮಂಜುಗಡ್ಡೆಯ ಮೇಲೆ ಜಾರುವ ಆಟಕ್ಕಾಗಿ ಕಟ್ಟಿದ ಸಭಾಂಗಣ. ಐದನೆಯ ರಾತ್ರಿಯ ಟಿಕೆಟ್ಟಿನ ಮೇಲೆ ‘ಇದೇ ಕೊನೆಯದು’ ಎಂಬರ್ಥದ ಮುದ್ರೆ ಒತ್ತಿದ್ದರು. ಅದನ್ನು ಕೈಯಲ್ಲಿ ಹಿಡಿದು ಕಾಯುವವನ ಮನಸ್ಸನ್ನು ಊಹಿಸಿಕೊಳ್ಳಬೇಕು. ಸಾಮಾನ್ಯವಾದ ಕಚೇರಿಗೆ ಹೋಗುವವನು ‘ಇಂದು ಕೇಳದಿದ್ದರೆ ಇನ್ನೊಂದು ದಿನ ಕೇಳಿಯೇನು’ ಎಂಬ ಧೈರ್ಯದಿಂದ ಹೋಗುತ್ತಾನೆ. ಆ ‘ಇನ್ನೊಂದು ದಿನ’ವನ್ನು ಈ ಮುದ್ರೆ ಅಳಿಸಿಹಾಕಿತು. ತಾನು ಕಾಯುತ್ತಿದ್ದ ಹಾಡು ಮೊದಲ ರಾತ್ರಿ ಬಾರದಿದ್ದರೆ ಉಳಿದುದು ನಾಲ್ಕು, ಮುಂದೆ ಮೂರು, ಆಮೇಲೆ ಎರಡು. ಕಚೇರಿ ಬೇಗ ಬರಲಿ ಎಂದು ಹಾರೈಸಿದವನೇ ಅದು ಬೇಗ ಮುಗಿಯದಿರಲಿ ಎಂದೂ ಹಾರೈಸಬೇಕು. ವೃಂದ ಮತ್ತೆ ಕೂಡುವ ದಿನವನ್ನು ಯಾರೂ ಗೊತ್ತುಪಡಿಸಿರಲಿಲ್ಲ. ಅಗಲಿಕೆಗೆ ಅವಧಿ ಇದ್ದರೆ ದಿನಗಳನ್ನು ಎಣಿಸಬಹುದು. ಅವಧಿ ಇಲ್ಲದಿದ್ದರೆ ಎಣಿಸುವುದನ್ನು ಎಲ್ಲಿಂದ ತೊಡಗುವುದು?

ಆದರೂ ಆ ಕೊನೆಯ ರಾತ್ರಿ ಬರಿಯ ಬೀಳ್ಕೊಡುಗೆಯಾಗಲಿಲ್ಲ. 1971ರಲ್ಲಿ ವೃಂದವನ್ನು ತೊರೆದಿದ್ದ ತಾಳವಾದ್ಯಗಾರ ಮಿಕಿ ಹಾರ್ಟ್ ಆ ರಾತ್ರಿಯೇ ವೇದಿಕೆಗೆ ಮರಳಿದರು. ಐದು ರಾತ್ರಿಗಳನ್ನೂ ಚಿತ್ರೀಕರಿಸಿ, ಗಾರ್ಸಿಯಾ ಅವರೂ ನಿರ್ದೇಶನದಲ್ಲಿ ಪಾಲುಗೊಂಡು, 1977ರಲ್ಲಿ ಚಲನಚಿತ್ರವಾಗಿ ಹೊರತಂದರು. ಅದರಲ್ಲಿ ಹಾಡುವವರಂತೆ ಕೇಳುವವರಿಗೂ ಸ್ಥಾನ ದೊರೆತುದು ಉಚಿತವೇ ಆಗಿದೆ.

ಕಲಾವಿದನು ಹಾಡುತ್ತಲೇ ಇರಬೇಕೆಂದು ಬಯಸುವುದು ಪ್ರೀತಿಯೋ, ದಣಿದವನನ್ನು ಸುಮ್ಮನಿರಲು ಬಿಡುವುದು ಪ್ರೀತಿಯೋ? ಇಲ್ಲಿ ಇತಿಹಾಸವೇ ಒಂದು ಉತ್ತರವನ್ನು ಕೊಟ್ಟಿದೆ. 1975ರಲ್ಲಿ ತಮ್ಮ ನಗರದಲ್ಲಿಯೇ ನಾಲ್ಕು ಬಾರಿ ಮಾತ್ರ ಹಾಡಿ, ಉಳಿದ ಕಾಲವನ್ನು ಹೊಸ ರಚನೆಗಳಿಗೆ ಮೀಸಲಿಟ್ಟ ಅವರು 1976ರ ಜೂನ್ ತಿಂಗಳಲ್ಲಿ ಸಂಚಾರಕ್ಕೆ ಮರಳಿದರು. ಧ್ವನಿಯ ಗೋಡೆ ಮಾತ್ರ ಮರಳಲಿಲ್ಲ. ಭಾರವನ್ನು ಇಳಿಸಿ ಬಂದುದರಿಂದ ಮತ್ತೆ ಹತ್ತೊಂಬತ್ತು ವರ್ಷ ನಡೆದರು.

1995ರ ಜುಲೈ 9ರಂದು ಶಿಕಾಗೋದಲ್ಲಿ ಅವರು ಹಾಡಿದಾಗ ಯಾವ ಟಿಕೆಟ್ಟಿನ ಮೇಲೂ ಅಂಥ ಮುದ್ರೆ ಇರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, ಗಾರ್ಸಿಯಾ ತೀರಿಕೊಂಡರು. ಅದೇ ವರ್ಷದ ಕೊನೆಗೆ ವೃಂದ ವಿಸರ್ಜನೆಗೊಂಡಿತು. 1974ರ ಕೇಳುಗರು, ಮುಂದೆ ಮರಳಿ ಬರಲಿದ್ದವರನ್ನು ಕಣ್ತುಂಬ ನೋಡಿ ಬೀಳ್ಕೊಟ್ಟಿದ್ದರು. 1995ರವರು, ಮರಳಿ ಬಾರದವನನ್ನು ‘ಇನ್ನೊಂದು ದಿನ ಕೇಳೋಣ’ ಎಂದುಕೊಂಡೇ ಬಿಟ್ಟು ಬಂದರು. ಭಾವೀ ವಿರಹ ನೋವಿನ ಸಂಗತಿ, ನಿಜ. ಆದರೆ ಹೊರಡುವವನು ಹೇಳಿ ಹೊರಟರೆ ಮಾತ್ರ ಆ ನೋವು ನಮ್ಮ ಪಾಲಿಗೆ ಒದಗುತ್ತದೆ.