ಕೀಲಿ ತಿರುವಿದಾಗಿನ ಸದ್ದು

ಮೇ ತಿಂಗಳ ನಡುಹಗಲು. ತೆಲಂಗಾಣದ ಮಕ್ತಲ್ ಊರೊಳಗಿಂದ ಹಾದುಹೋಗುವ 167ನೇ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ, ಬೇವಿನ ಮರದ ಅರೆನೆರಳಿನಲ್ಲಿ ಒಂದು ಬಿಳಿ ಕಾರು ನಿಂತಿದೆ. ನಂಬರ್ ಪ್ಲೇಟಿನ ಮೇಲೆ ಕೆಎ 36, ಅಂದರೆ ರಾಯಚೂರಿನದು. ಪಡಮಟಿ ಆಂಜನೇಯನಿಗೆ ಕೈಮುಗಿದು ಬಂದವರು ಕೀಲಿ ತಿರುವಿದ್ದಾರೆ, ಕಾರು ಏಳಲೊಲ್ಲದು. ಹಿಂದಿನ ಸೀಟಿನಲ್ಲಿ ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾಳೆ.

ಪಕ್ಕದ ಗ್ಯಾರೇಜಿನ ಮೇಸ್ತ್ರಿ ಪಾನಾ ಹಿಡಿದು ಬರುತ್ತಾನೆ. ಕೈಕೆಳಗಿನ ಹುಡುಗನ ಜೊತೆ ತೆಲುಗು, ಎದುರಿನ ಟೈರ್ ಅಂಗಡಿಯವನ ಜೊತೆ ದಖ್ಖನಿ, ರಾಯಚೂರಿನವರ ಜೊತೆ ಕನ್ನಡ. ಬಂದವನೇ ಬಾನೆಟ್ಟಿನೊಳಗೆ ಕೈ ಹಾಕುವುದಿಲ್ಲ. "ಒಂದ್ ಸಲ ಸೆಲ್ಫ್ ಹೊಡೀರಿ ಅಣ್ಣಾ" ಎಂದು ಕಿವಿಗೊಟ್ಟು ನಿಲ್ಲುತ್ತಾನೆ.

ಅವನ ವಿದ್ಯೆಯ ಮುಕ್ಕಾಲು ಪಾಲು ಆ ಕಿವಿಯಲ್ಲೇ ಇದೆ. ಟಕಟಕಟಕ ಎಂದು ಚಿಟಿಕೆ ಹಾಕಿದ ಹಾಗೆ ಸದ್ದು ಬಂದರೆ ಬ್ಯಾಟರಿ ಇಳಿದಿದೆ: ಸೆಲ್ಫಿನ ಸ್ವಿಚ್ಚನ್ನು ಎಳೆಯುವಷ್ಟು ಕರೆಂಟ್ ಇದೆ, ಮೋಟಾರನ್ನು ತಿರುಗಿಸುವಷ್ಟಿಲ್ಲ, ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಲೈಟು ಮಂಕಾಗದೆ ಒಂದೇ ಒಂದು ದಪ್ಪ 'ಟಕ್' ಬಂದರೆ ಸೆಲ್ಫ್ ಮೋಟಾರಿನ ಕಾರ್ಬನ್ ಸವೆದಿರುವ ಗುಮಾನಿ. ಒಬ್ಬರು ಕೀಲಿ ಹಿಡಿದಿರುವಾಗಲೇ ಅದರ ಮೈಗೆ ಪಾನಾದಿಂದ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಎದ್ದುಬಿಡುತ್ತದೆ, ಗ್ಯಾರೇಜು ಮುಟ್ಟುವ ಮಟ್ಟಿಗೆ. ಎಂಜಿನ್ ಗರಗರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯ ತಂಟೆಗೇ ಹೋಗಬೇಕಿಲ್ಲ. ಎಣ್ಣೆ ಬರುತ್ತಿಲ್ಲ, ಇಲ್ಲವೇ ಕಿಡಿ ಬೀಳುತ್ತಿಲ್ಲ.

ಈ ಕಾರಿನದು ಟಕಟಕ. ಮೀಟರ್ ಇಟ್ಟರೆ 11.8 ವೋಲ್ಟ್. ತುಂಬಿದ ಬ್ಯಾಟರಿ 12.6 ತೋರಿಸಬೇಕಿತ್ತು. "ಬ್ಯಾಟ್ರಿ ಪೂರಾ ಇಳದದ್ರಿ."

ಚಳಿನಾಡುಗಳಲ್ಲಿ ಬರೆದ ಪುಸ್ತಕಗಳು ಹಿಮದ ಮುಂಜಾವಿಗೆ ಹೆದರಿಸುತ್ತವೆ. ಕೃಷ್ಣೆಯ ಈ ದಂಡೆಯಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಬಿಸಿಲು. ಹೊರಗೆ 42 ಡಿಗ್ರಿ ಇದ್ದಾಗ ಬಾನೆಟ್ಟಿನ ಕೆಳಗಿನ ಕಾವು ಕೇಳಬೇಕೆ? ಒಳಗಿನ ನೀರು ಆವಿಯಾಗುತ್ತದೆ, ಸೀಸದ ಫಲಕಗಳು ಬೇಗ ಸವೆಯುತ್ತವೆ. ಕಾವು 10 ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎನ್ನುವುದು ಈ ಕಸುಬಿನ ಲೆಕ್ಕ.

ಆದರೂ ಮೇಸ್ತ್ರಿ ಹೊಸ ಬ್ಯಾಟರಿಯ ಮಾತೆತ್ತುವುದಿಲ್ಲ. ಟರ್ಮಿನಲ್ ಮೇಲೆ ಹೂತಿರುವ ಬಿಳಿ-ಹಸಿರು ಪುಡಿಯ ಮೇಲೆ ಬಿಸಿನೀರು ಸುರಿಯುತ್ತಾನೆ, ಪಾಲಿಶ್ ಪೇಪರಿನಿಂದ ಉಜ್ಜುತ್ತಾನೆ, ಕ್ಲಾಂಪ್ ಬಿಗಿಯುತ್ತಾನೆ, ಅರ್ತ್ ತಂತಿ ಕಾರಿನ ಮೈಗೆ ಕೂಡುವ ಬೋಲ್ಟನ್ನು ಅಲುಗಾಡಿಸಿ ನೋಡುತ್ತಾನೆ. ನನಗೆ ಈ ಗುಣ ಬಹಳ ದೊಡ್ಡದೆನಿಸುತ್ತದೆ. ಸಡಿಲ ಕ್ಲಾಂಪಿನ ತಪ್ಪಿಗೆ ಬ್ಯಾಟರಿಯನ್ನೇ ಬದಲಿಸುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಕಾಸಿಲ್ಲದೆ ಆಗುವುದನ್ನು ಮೊದಲು ಮಾಡಿ ಮುಗಿಸುವವನು ಕಸುಬಿಗೂ ಗಿರಾಕಿಗೂ ಮರ್ಯಾದೆ ಕೊಡುವವನು.

ಅಷ್ಟರಲ್ಲಿ ಲಾರಿ ಡ್ರೈವರನೊಬ್ಬ ವಾಹನ ನಿಲ್ಲಿಸಿ, ವೈರ್ ಹಚ್ಚಿ ಎಬ್ಬಿಸೋಣವೇ ಎಂದು ಕೇಳುತ್ತಾನೆ. ಒಳ್ಳೆಯ ಮನಸ್ಸು, ಆದರೆ ಲಾರಿಯದು 24 ವೋಲ್ಟ್. ಹಚ್ಚಿದರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋದೀತು. ಮೇಸ್ತ್ರಿ ಕೈಮಾಡಿ ಕರೆಯುವುದು ಟ್ರ್ಯಾಕ್ಟರನ್ನು, ಅದು 12 ವೋಲ್ಟಿನದು. ಕೆಂಪು ವೈರ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅಲ್ಲಿಂದ ಟ್ರ್ಯಾಕ್ಟರಿನ ಪ್ಲಸ್‌ಗೆ. ಕರಿ ವೈರ್ ಟ್ರ್ಯಾಕ್ಟರಿನ ಮೈನಸ್‌ಗೆ. ಅದರ ಕೊನೆಯ ತುದಿ ಮಾತ್ರ ಬ್ಯಾಟರಿಗಲ್ಲ, ದೂರದ, ಕಾರಿನ ಎಂಜಿನ್ ಕಬ್ಬಿಣಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಡುತ್ತಿರುತ್ತದೆ, ಅಲ್ಲಿ ಕಿಡಿ ಹಾರಬಾರದು. ಕೀಲಿ ತಿರುಗುತ್ತದೆ. ಎಂಜಿನ್ ಎದ್ದ ಗಡಗಡಕ್ಕೆ ಅಜ್ಜಿ "ಹನುಮಪ್ಪಾ!" ಅನ್ನುತ್ತಾಳೆ.

ನಾರಾಯಣಪೇಟೆಯಲ್ಲಿ ರೋಗ ಬೇರೆ. ಮಗ್ಗದ ಸದ್ದು ಕೇಳುವ ಓಣಿಗಳಲ್ಲಿ, ಹೈದರಾಬಾದಿನಲ್ಲಿ ನೌಕರಿ ಇರುವ ಮಕ್ಕಳ ಕಾರುಗಳು ವಾರಗಟ್ಟಲೆ ಮುಸುಕು ಹೊದ್ದು ನಿಂತಿರುತ್ತವೆ. ಗಡಿಯಾರ, ಅಲಾರಂ ಹನಿಹನಿಯಾಗಿ ಕರೆಂಟ್ ಕುಡಿಯುತ್ತವೆ. ಮಳೆ ಹಿಡಿದರೆ ಇಲಿಗಳು ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರ್ ಕಡಿಯುತ್ತವೆ. ಇಲ್ಲಿ ಮೇಸ್ತ್ರಿಯ ಕೈಯಲ್ಲಿ ಟೆಸ್ಟ್ ಲ್ಯಾಂಪ್ ಇರುತ್ತದೆ. ಬಲ್ಬ್ ಹೊತ್ತುವಲ್ಲಿಂದ ಹೊತ್ತದಿರುವಲ್ಲಿಯವರೆಗೆ ತಂತಿಯ ಗುಂಟ ನಡೆಯುವುದು, ಕಡಿತ ಸಿಗುವತನಕ ಪುರುಸೊತ್ತಿನಿಂದ ಹುಡುಕುವುದು.

ಗದ್ವಾಲದ ಕೋಟೆಯ ಸುತ್ತಲಿನ ಪೇಟೆಯಲ್ಲಿ ಮದುವೆ ಹಂಗಾಮಿಗೆ ಟಿಎಸ್ 33ರ ಪಕ್ಕದಲ್ಲೇ ಯಾದಗಿರಿಯ ಕೆಎ 33 ನಿಂತಿರುತ್ತದೆ. ಅಂಗಡಿಯೊಳಗೆ ಹೆಂಗಸರು ಹತ್ತಿಯ ಒಡಲಿಗೆ ರೇಷ್ಮೆ ಅಂಚು ಕೂಡಿಸಿದ ಸೀರೆ ಆರಿಸುತ್ತಾರೆ. ಅದು ತಾಸಿನಲ್ಲಿ ಮುಗಿಯುವ ಕೆಲಸವಲ್ಲ. ಹೊರಗೆ ಕಾರಿನಲ್ಲಿ ಮಕ್ಕಳು, ಹಾಡು, ಫ್ಯಾನು, ಚಾರ್ಜಿಗೆ ಹಚ್ಚಿದ ಫೋನು. ಸಂಜೆ ಸೀರೆಯ ಗಂಟು ಬಂದಾಗ ಸೆಲ್ಫ್ ಎತ್ತುವುದಿಲ್ಲ. ಗೇರ್ ಕಾರಾದರೆ ಉಪಾಯವಿದೆ: ಕೀಲಿ ಆನ್, ಎರಡನೇ ಗೇರ್, ಕ್ಲಚ್ ಒತ್ತಿ ಹಿಡಿಯುವುದು. ಬಸ್ಸಿಗೆ ಕಾದವರೂ ಅಂಗಡಿಯ ಹುಡುಗರೂ ಕೈಹಚ್ಚಿ ನೂಕುತ್ತಾರೆ. ಓಟ ಬಂದಾಗ ಕ್ಲಚ್ ಬಿಟ್ಟರೆ ಒಂದು ಜಗ್ಗು, ಕೆಮ್ಮು, ಆಮೇಲೆ ಎಂಜಿನ್. ಆಟೋಮ್ಯಾಟಿಕ್ ಕಾರು ಹೀಗೆ ಏಳದು.

"ಊರು ಮುಟ್ಟೋತನಕ ಬಂದ್ ಮಾಡಬ್ಯಾಡ್ರಿ" ಎನ್ನುತ್ತಾನೆ ನೂಕಿದವರಲ್ಲೊಬ್ಬ, ಕೈಗೆ ಹತ್ತಿದ ಧೂಳು ಒರೆಸಿಕೊಳ್ಳುತ್ತ. "ಎಸಿನೂ ಬ್ಯಾಡ. ಕಿಟಕಿ ತಕ್ಕೊಂಡು ಹೋಗ್ರಿ."