ಸೊಸೆ ಬಸುರಾದಳೆಂದು ಇನ್ಸುಲಿನ್ ನಿಲ್ಲಿಸಬೇಡಿ



ಬೀಜೋಪಚಾರ, ಗೊಬ್ಬರ, ಪೈರಿನ ರೋಗ ಇವುಗಳನ್ನು ಕುರಿತು ಬರೆಯುತ್ತಿದ್ದವನು ಈ ಸಲ ಹೆಂಗಸರ ಆರೋಗ್ಯದ ವಿಷಯ ಎತ್ತಿಕೊಂಡಿರುವುದನ್ನು ಕಂಡು ತಮಗೆ ಆಶ್ಚರ್ಯವಾಗಬಹುದು. ನಾನು ಓದಿರುವುದು ಕೃಷಿ ಡಿಪ್ಲೊಮಾ, ವೈದ್ಯವಲ್ಲ. ಆದರೆ ಎರಡು ವರ್ಷದ ಕೆಳಗೆ, ಮುಂಗಾರಿಗೆ ಮೊದಲು, ಮಣ್ಣಿನ ಮಾದರಿ ತೆಗೆಯಲು ಒಂದು ಹಳ್ಳಿಗೆ ಹೋಗಿದ್ದಾಗ ಕಂಡದ್ದನ್ನು ಬರೆಯದೆ ಇರಲಾರೆ.

ಆ ಮನೆಯ ಸೊಸೆಗೆ ಇಪ್ಪತ್ತೆರಡು ವರ್ಷ. ಹನ್ನೊಂದನೆಯ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಆಗ ಎರಡು ತಿಂಗಳ ಬಸುರಿ. ವಾಂತಿ ಬಹಳ, ಮೂರು ದಿನದಿಂದ ಊಟವಿಲ್ಲ. ಊಟವೇ ಇಲ್ಲದ ಮೇಲೆ ಸೂಜಿ ಏತಕ್ಕೆ, ಮಗುವಿಗೆ ನಂಜಾದೀತು ಎಂದು ಹಿರಿಯರು ಹೇಳಿದರು; ಅವಳೂ ನಿಲ್ಲಿಸಿದಳು. ನಾನು ಹೋದಾಗ ನಡುಮನೆಯಲ್ಲಿ ಮಲಗಿ ದೊಡ್ಡದಾಗಿ ಉಸಿರು ಎಳೆದು ಬಿಡುತ್ತಿದ್ದಳು. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬರುತ್ತಿತ್ತು. “ಬಸುರಿ ಸಂಕಟ ಸ್ವಾಮಿ, ಎಲ್ಲರಿಗೂ ಇದ್ದದ್ದೇ” ಎಂದರು ಅತ್ತೆ. ನನಗೂ ಹಾಗೆಯೇ ತೋರಿತು. ಅದೇ ಬೀದಿಯ ಆಶಾ ಕಾರ್ಯಕರ್ತೆ ಬಂದು ನೋಡಿದೊಡನೆ ೧೦೮ಕ್ಕೆ ಫೋನು ಮಾಡಿದರು. ತಾಯಿ ಉಳಿದಳು; ಬಸುರು ಉಳಿಯಲಿಲ್ಲ. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅವಳ ಮೇಲಿನ ಅಕ್ಕರೆಯಿಂದಲೇ ಸೂಜಿ ನಿಲ್ಲಿಸಿದ್ದರು.

ಆಮೇಲೆ ಡಾಕ್ಟರಮ್ಮನವರೊಬ್ಬರ ಬಳಿ ಕುಳಿತು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸಕ್ಕರೆ ಖಾಯಿಲೆ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಹಲವು ಬಗೆಗಳಿವೆ. ನಡುವಯಸ್ಸಿನಲ್ಲಿ ಬಂದು ಮಾತ್ರೆಯಿಂದ ಹತೋಟಿಗೆ ಬರುವುದು ಎರಡನೆಯ ಬಗೆ. ಬಸುರಿನಲ್ಲಿ ಮಾತ್ರ ಕಾಣಿಸಿಕೊಂಡು ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹೋಗುವುದು ಇನ್ನೊಂದು. ನಾನು ಹೇಳುತ್ತಿರುವುದು ಒಂದನೆಯ ಬಗೆ. ಇದು ಹೆಚ್ಚಾಗಿ ಮಕ್ಕಳಿಗೂ ಎಳೆಯರಿಗೂ ಬರುತ್ತದೆ. ನಮ್ಮ ಹೊಟ್ಟೆಯಲ್ಲಿ ಜಠರದ ಹಿಂಭಾಗಕ್ಕೆ ಮೇದೋಜ್ಜೀರಕ ಎಂಬ ಗ್ರಂಥಿಯುಂಟು. ರಕ್ತದಲ್ಲಿರುವ ಸಕ್ಕರೆಯನ್ನು ಮೈಗೆ ಹತ್ತಿಸುವ ಇನ್ಸುಲಿನ್ ಅಲ್ಲಿಯೇ ಹುಟ್ಟುವುದು. ರೋಗಗಳಿಂದ ನಮ್ಮನ್ನು ಕಾಯಬೇಕಾದ ಶಕ್ತಿಯೇ ತಪ್ಪಿ ನಡೆದು ಇನ್ಸುಲಿನ್ ಮಾಡುವ ಕಣಗಳನ್ನು ನಾಶಮಾಡುತ್ತದೆ; ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ. ಹೆಣ್ಣಿನ ಕಾಲ್ಗುಣವಂತೂ ಅಲ್ಲವೇ ಅಲ್ಲ. ಇಂಥವರ ಮೈಯಲ್ಲಿ ಇನ್ಸುಲಿನ್ ಹುಟ್ಟದಿರುವುದರಿಂದ ಹೊರಗಿನಿಂದ ಕೊಡಲೇಬೇಕು. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ೧೯೨೧ರಲ್ಲಿ ಇದನ್ನು ಬೇರ್ಪಡಿಸಿದರು. ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಮೊದಲು ಚುಚ್ಚಿದರು. ಅದಕ್ಕೆ ಮೊದಲು ಈ ಖಾಯಿಲೆ ಬಂದ ಮಕ್ಕಳು ಒಂದೆರಡು ವರ್ಷಕ್ಕಿಂತ ಹೆಚ್ಚು ಬದುಕುತ್ತಿದ್ದುದು ಅಪರೂಪ. ಇಂದು ಈ ಹೆಣ್ಣುಮಕ್ಕಳು ಮದುವೆಯಾಗಿ ಆರೋಗ್ಯವಂತ ಮಕ್ಕಳನ್ನು ಹೆರುತ್ತಿದ್ದಾರೆ.

ಹಾಗಾದರೆ ಇನ್ಸುಲಿನ್ ಮಗುವಿಗೆ ಕೆಡುಕಲ್ಲವೇ? ಅಲ್ಲ. ತಾಯಿಗೂ ಮಗುವಿಗೂ ನಡುವೆ ಮಾಸು ಇರುತ್ತದೆ. ತಾಯಿಯ ರಕ್ತದ ಸಕ್ಕರೆ ಅದನ್ನು ದಾಟಿ ಮಗುವಿಗೆ ಹೋಗುತ್ತದೆ. ಇನ್ಸುಲಿನ್ ದಾಟುವುದಿಲ್ಲವೆಂದೇ ಹೇಳಬಹುದು. ಎಂದ ಮೇಲೆ ಮಗುವಿಗೆ ಕೆಡುಕು ಮಾಡುವುದು ಅತಿಯಾದ ಸಕ್ಕರೆಯೇ ಹೊರತು ಸೂಜಿಯಲ್ಲ. ಹೊಟ್ಟೆಗೆ ಚುಚ್ಚಿದರೆ ಮಗುವಿಗೆ ತಗಲೀತೆಂಬ ಭಯವೂ ಬೇಡ. ಸೂಜಿ ಚರ್ಮದ ಕೆಳಗಿನ ಕೊಬ್ಬಿನಲ್ಲಿಯೇ ನಿಲ್ಲುತ್ತದೆ. ಗರ್ಭ ಇರುವುದು ಅಲ್ಲಿಂದ ಬಹಳ ಒಳಗೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಬಸುರನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಮುಟ್ಟು ತಪ್ಪಿತೆಂದು ತಿಳಿಯುವ ಹೊತ್ತಿಗೆ ನಾಲ್ಕು ವಾರ ಆಗಿಯೇ ಹೋಗಿರುತ್ತದೆ. ಆರನೆಯ ವಾರದ ಹೊತ್ತಿಗೆ ಮಗುವಿನ ಮೆದುಳೂ ಬೆನ್ನುಹುರಿಯೂ ಆಗಬೇಕಾದ ನಾಳ ಮುಚ್ಚಿಕೊಂಡು, ಹೃದಯ ಬಡಿಯಲು ಆರಂಭವಾಗಿರುತ್ತದೆ. ಹತ್ತು ವಾರ ತುಂಬುವುದರೊಳಗೆ ಮುಖ್ಯ ಅಂಗಗಳೆಲ್ಲ ರೂಪುಗೊಂಡಿರುತ್ತವೆ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಅಂಗದ ಊನವಿರುವುದುಂಟು. ಈ ಮೊದಲ ವಾರಗಳಲ್ಲಿ ತಾಯಿಯ ಸಕ್ಕರೆ ಬಹಳ ಏರಿದ್ದರೆ ಆ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ. ಬಸುರು ಇಳಿದುಹೋಗುವುದೂ ಹೆಚ್ಚು. ಸಕ್ಕರೆ ಹತೋಟಿಗೆ ಬಂದಷ್ಟೂ ಅದು ಇಳಿಯುತ್ತದೆ.

ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊರಗೆ ಹಾಕಬಾರದೆಂಬ ಪದ್ಧತಿ ಇದೆ. ನೆರೆಹೊರೆಗೆ ಹೇಳದಿದ್ದರೆ ನಷ್ಟವಿಲ್ಲ. ಡಾಕ್ಟರಿಗೆ ಹೇಳದಿದ್ದರೆ ಮಾತ್ರ, ನಾವು ಬಾಯಿ ತೆರೆಯುವ ಹೊತ್ತಿಗೆ ಕೆಲಸವೆಲ್ಲ ಮುಗಿದಿರುತ್ತದೆ. ಮೊಳಕೆ ಒಡೆದ ಮೇಲೆ ಬೀಜೋಪಚಾರ ಮಾಡಲು ಹೊರಟ ಹಾಗೆ. ಆದುದರಿಂದ ಇಂಥ ಹೆಣ್ಣುಮಗಳ ಆರೈಕೆ ಬಸುರಾಗುವುದಕ್ಕೆ ಮೂರು ತಿಂಗಳೋ ಆರು ತಿಂಗಳೋ ಮುಂಚೆಯೇ ಆರಂಭವಾಗಬೇಕು. ಮದುವೆಯಾದ ವರ್ಷವೇ ತೊಟ್ಟಿಲು ತೂಗಬೇಕೆಂದು ಅವಸರಪಡಿಸುವ ಹಿರಿಯರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ‘ಎಚ್‌ಬಿ ಎ೧ಸಿ’ ಎಂಬ ರಕ್ತಪರೀಕ್ಷೆ ಇದೆ. ಬಸುರಾಗುವ ಮೊದಲು ಇದು ೬.೫ಕ್ಕಿಂತ ಕೆಳಗೆ ಬರುವುದು ಒಳ್ಳೆಯದು. ೧೦ಕ್ಕಿಂತ ಮೇಲಿದ್ದರೆ ಅದು ಇಳಿಯುವವರೆಗೆ ಬಸುರಾಗಬಾರದೆಂದೇ ಡಾಕ್ಟರುಗಳ ಸಲಹೆ. ಅಲ್ಲಿಯವರೆಗೆ ಗಂಡಹೆಂಡಿರು ಕುಟುಂಬ ಯೋಜನೆಯ ಒಂದು ವಿಧಾನವನ್ನು ಕೇಳಿ ಅನುಸರಿಸಬೇಕು. ಇದರಲ್ಲಿ ನಾಚಿಕೆಗೆ ಎಡೆಯಿಲ್ಲ. ಇದೇ ಸಮಯದಲ್ಲಿ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸುತ್ತಾರೆ. ಸಕ್ಕರೆ ಖಾಯಿಲೆಯವರಿಗೆ ಸಾಮಾನ್ಯವಾಗಿ ೫ ಮಿಲಿಗ್ರಾಮಿನದನ್ನು ಹನ್ನೆರಡು ವಾರ ತುಂಬುವವರೆಗೆ ಕೊಡುವರು. ಕಣ್ಣಿನ ಒಳಪರದೆ, ಮೂತ್ರಪಿಂಡ, ಥೈರಾಯ್ಡ್ ಗ್ರಂಥಿ ಮೂರನ್ನೂ ಪರೀಕ್ಷೆ ಮಾಡಿಸಬೇಕು. ಕಣ್ಣನ್ನಂತೂ ಬಸುರಾದ ಮೇಲೆ ಮೊದಲ ತಿಂಗಳುಗಳಲ್ಲಿ ಮತ್ತೊಮ್ಮೆ ತೋರಿಸಬೇಕು, ಏಕೆಂದರೆ ಹಳೆಯ ದೋಷವಿದ್ದರೆ ಬಸುರಿನಲ್ಲಿ ಹೆಚ್ಚುವುದುಂಟು. ರಕ್ತದೊತ್ತಡಕ್ಕೂ ಕೊಬ್ಬಿಗೂ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಮಗುವಿಗೆ ಆಗದವು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಸುರಿಯುವುದು ಲೇಸು.

ಇದಾವುದೂ ಆಗದೆ ಆಗಲೇ ಬಸುರಾಗಿದ್ದರೆ ಎದೆಗುಂದಬೇಕಾಗಿಲ್ಲ. ಮುಟ್ಟು ತಪ್ಪಿದ ವಾರವೇ ಆಸ್ಪತ್ರೆಗೆ ಹೋಗಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳು ೯ನೆಯ ತಾರೀಖು ನಡೆಯುವ ತಪಾಸಣೆ ಮುಖ್ಯವಾಗಿ ನಾಲ್ಕನೆಯ ತಿಂಗಳಿನಿಂದ ಮುಂದಿನವರಿಗೆ. ಅದಕ್ಕಾಗಿ ಕಾಯುತ್ತ ಕೂರಬಾರದು. ತಾಯಿ ಕಾರ್ಡಿನ ಮೇಲೆ ‘ಒಂದನೆಯ ಬಗೆಯ ಮಧುಮೇಹ, ಇನ್ಸುಲಿನ್ ನಿಲ್ಲಿಸಬಾರದು’ ಎಂದು ದೊಡ್ಡಕ್ಷರದಲ್ಲಿ ಬರೆಯಿಸಿಕೊಳ್ಳಿ.

ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುವ ಯಂತ್ರ ಮನೆಯಲ್ಲಿರಲೇಬೇಕು. ಬಸುರಿನಲ್ಲಿ ಬರಿಹೊಟ್ಟೆಯಲ್ಲಿ ೭೦ರಿಂದ ೯೫, ಊಟವಾಗಿ ಒಂದು ಗಂಟೆಗೆ ೧೪೦ರ ಒಳಗೆ, ಎರಡು ಗಂಟೆಗೆ ೧೨೦ರ ಒಳಗೆ ಇರಬೇಕೆಂಬುದು ಗುರಿ. ಇಷ್ಟು ಬಿಗಿಯಾಗಿ ಹಿಡಿದರೆ ಪದೇ ಪದೇ ಕುಸಿಯುವಂತಿದ್ದರೆ ಡಾಕ್ಟರು ಗುರಿಯನ್ನು ಸ್ವಲ್ಪ ಸಡಿಲಿಸುವರು. ದಿನಕ್ಕೆ ಏಳೆಂಟು ಸಲ ನೋಡಬೇಕಾಗುವುದರಿಂದ ಪಟ್ಟಿಗಳಿಗೆ ಖರ್ಚು ಹೆಚ್ಚು, ನಿಜ. ಆದರೆ ನೆರೆಯವನು ಸಿಂಪಡಿಸಿದನೆಂದು ತಾನೂ ಬೇಡದ ಔಷಧಿ ತಂದು ಸುರಿಯುವ ರೈತರನ್ನು ನಾನು ಎಷ್ಟೋ ಮಂದಿ ಕಂಡಿದ್ದೇನೆ. ಆ ಒಂದು ಸಿಂಪರಣೆಯ ಹಣವನ್ನು ಇದಕ್ಕೆ ತಿರುಗಿಸಬಹುದು.

ಮೊದಲ ತಿಂಗಳುಗಳ ದೊಡ್ಡ ಅಪಾಯ ಎರಡು. ಒಂದು, ಸಕ್ಕರೆ ಥಟ್ಟನೆ ಕುಸಿಯುವುದು. ಇನ್ಸುಲಿನ್ ಬೇಕಾಗುವ ಪ್ರಮಾಣ ಮೊದಲ ಕೆಲವು ವಾರ ಸ್ವಲ್ಪ ಏರಿ, ಎರಡನೆಯ ತಿಂಗಳ ಕೊನೆಯಿಂದ ನಾಲ್ಕನೆಯ ತಿಂಗಳವರೆಗೆ ಇಳಿಯುವುದುಂಟು. ಅಲ್ಲಿಂದ ಮುಂದೆ ಏರುತ್ತಾ ಹೋಗಿ ಕೊನೆಗೆ ಎರಡರಷ್ಟೂ ಆಗಬಹುದು. ಆದುದರಿಂದ ಹಳೆಯ ಲೆಕ್ಕದಲ್ಲಿ ಚುಚ್ಚಿಕೊಂಡು, ಓಕರಿಕೆಯಿಂದ ಅರ್ಧ ಊಟಕ್ಕೇ ಎದ್ದರೆ ಸಕ್ಕರೆ ೭೦ಕ್ಕಿಂತ ಕೆಳಗೆ ಬೀಳುತ್ತದೆ. ಮೈ ಬೆವರುವುದು, ಕೈ ನಡುಗುವುದು, ಮಾತು ತೊದಲುವುದು, ಕಾರಣವಿಲ್ಲದೆ ಸಿಡುಕುವುದು ಇದರ ಗುರುತುಗಳು. ಬಸುರಿನಲ್ಲಿ ಈ ಗುರುತುಗಳೂ ಕೆಲವರಿಗೆ ಮಂಕಾಗುತ್ತವೆ. ಸೊಸೆ ಎದುರುತ್ತರ ಕೊಟ್ಟಳೆಂದು ಕೋಪಿಸಿಕೊಳ್ಳುವ ಮೊದಲು ಅವಳ ಬೆರಳಿನ ರಕ್ತ ನೋಡಿ. ಕೂಡಲೇ ಮೂರರಿಂದ ನಾಲ್ಕು ಟೀ ಚಮಚ ಸಕ್ಕರೆಯನ್ನೋ ಗ್ಲುಕೋಸನ್ನೋ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಉಸಿರುಗಟ್ಟೀತು. ಮಗ್ಗುಲಾಗಿ ಮಲಗಿಸಿ ೧೦೮ಕ್ಕೆ ಫೋನು ಮಾಡಬೇಕು. ಗ್ಲುಕಗಾನ್ ಎಂಬ ಸೂಜಿಮದ್ದು ಮನೆಯಲ್ಲಿಟ್ಟಿದ್ದರೆ ಅದನ್ನು ಹಾಕುವುದನ್ನು ಗಂಡ ಕಲಿತಿರಬೇಕು. ಕಳೆ ಕೀಳಲು ಹೋಗುವಾಗ ಸೆರಗಿನಲ್ಲಿ ಸಕ್ಕರೆಯ ಪೊಟ್ಟಣವಿರಲಿ, ಒಂಟಿಯಾಗಿ ಕಳಿಸಬೇಡಿ.

ಎರಡನೆಯದು ಇದಕ್ಕೆ ವಿರುದ್ಧವಾದದ್ದು, ನಾನು ಆ ಮನೆಯಲ್ಲಿ ಕಂಡದ್ದು. ಊಟ ಮಾಡದಿದ್ದರೂ ದೇಹಕ್ಕೆ ತಳದ ಇನ್ಸುಲಿನ್ ಬೇಕು. ಅದಿಲ್ಲದಾಗ ಮೈ ತನ್ನ ಕೊಬ್ಬನ್ನೇ ಕರಗಿಸಿ ಉರಿಸುತ್ತದೆ. ಅದರಿಂದ ಕೀಟೋನ್ ಎಂಬ ಹುಳಿ ಪದಾರ್ಥ ರಕ್ತದಲ್ಲಿ ತುಂಬುತ್ತದೆ. ವಾಂತಿ, ಹೊಟ್ಟೆನೋವು, ದೀರ್ಘವಾದ ಏದುಸಿರು, ಬಾಯಲ್ಲಿ ಹಣ್ಣಿನ ವಾಸನೆ ಬರುತ್ತವೆ. ಬಸುರಿನಲ್ಲಿ ಸಕ್ಕರೆ ೨೦೦ಕ್ಕಿಂತ ಕಡಿಮೆ ಇರುವಾಗಲೂ ಹೀಗಾಗಬಹುದು. ಯಂತ್ರದ ಅಂಕಿ ಚೆನ್ನಾಗಿದೆಯೆಂದು ಮೋಸಹೋಗಬಾರದು. ವಾಂತಿಯ ದಿನ ಊಟದ ಸೂಜಿಯನ್ನು ಡಾಕ್ಟರು ತಿಳಿಸಿದಂತೆ ಕಡಿಮೆ ಮಾಡಬಹುದು, ತಳದ ಸೂಜಿಯನ್ನು ಬಿಡಕೂಡದು. ಎರಡು ಮೂರು ಗಂಟೆಗೊಮ್ಮೆ ಸಕ್ಕರೆಯನ್ನೂ ಪಟ್ಟಿಯಿಂದ ಕೀಟೋನನ್ನೂ ನೋಡುತ್ತ, ಗುಟುಕು ಗುಟುಕಾಗಿ ನೀರು, ಗಂಜಿತಿಳಿ ಕೊಡಬೇಕು. ನೀರೂ ನಿಲ್ಲದಿದ್ದರೆ, ಕೀಟೋನ್ ಕಂಡರೆ, ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಸೇರಿಸಬೇಕು.

ಊಟದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ರಾಗಿ ಮುದ್ದೆಗೆ ಸಕ್ಕರೆ ಏರುವುದಿಲ್ಲ ಎಂದು ಹೇಳುವರು. ರಾಗಿ ಒಳ್ಳೆಯ ಧಾನ್ಯವೇ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ೬೫ರಿಂದ ೭೦ ಗ್ರಾಮಿನಷ್ಟು ಪಿಷ್ಟವಿರುತ್ತದೆ, ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಮುದ್ದೆ ತಿನ್ನಬಾರದೆಂದಲ್ಲ, ದಿನವೂ ಒಂದೇ ಅಳತೆಯ ಹಿಟ್ಟಿನದಾಗಿದ್ದರೆ ಸೂಜಿಯ ಲೆಕ್ಕ ಕೂಡುತ್ತದೆ. ಸೊಪ್ಪು, ಕಾಳು, ಮೊಟ್ಟೆ, ಮಜ್ಜಿಗೆ ಜೊತೆಗಿರಲಿ. ಬೆಲ್ಲವೂ ಸಕ್ಕರೆಯೇ. ಶನಿವಾರ, ಏಕಾದಶಿ, ಶಿವರಾತ್ರಿಯ ಉಪವಾಸ ಇವಳಿಗೆ ಬೇಡ.

ಇನ್ಸುಲಿನ್ ಕೊಳ್ಳುವಾಗ ಕೀಟನಾಶಕ ಕೊಳ್ಳುವಷ್ಟೇ ಎಚ್ಚರ ಬೇಕು. ನಮ್ಮಲ್ಲಿ ಒಂದು ಮಿಲಿಲೀಟರಿಗೆ ೪೦ ಯೂನಿಟ್ಟಿನದೂ ಇದೆ, ೧೦೦ ಯೂನಿಟ್ಟಿನದೂ ಇದೆ. ೪೦ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, ೧೦೦ರದಕ್ಕೆ ಕಿತ್ತಳೆ ಬಣ್ಣದ್ದು. ೧೦೦ರದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ೧೦ರ ಗುರುತಿನವರೆಗೆ ಎಳೆದರೆ ಒಳಗೆ ಹೋಗುವುದು ೨೫ ಯೂನಿಟ್ಟು! ಒಡೆಯದ ಸೀಸೆಯನ್ನು ಫ್ರಿಜ್ಜಿನಲ್ಲಿಡಬೇಕು, ಹಿಮಗಟ್ಟುವ ಮೇಲಿನ ಅರೆಯಲ್ಲಿ ಇಡಬಾರದು, ಹೆಪ್ಪುಗಟ್ಟಿದ್ದು ಕೆಟ್ಟಂತೆಯೇ. ಬಳಸುತ್ತಿರುವ ಸೀಸೆ ತಂಪಾದ ಮೂಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ. ಬೇಸಗೆಯಲ್ಲಿ, ಫ್ರಿಜ್ಜು ಇಲ್ಲದ ಮನೆಯಲ್ಲಿ, ಒದ್ದೆ ಮರಳು ತುಂಬಿದ ಮಡಕೆಯೊಳಗೆ ಸಣ್ಣ ಕುಡಿಕೆಯಿಟ್ಟು, ಸೀಸೆಗೆ ನೀರು ತಾಗದಂತೆ ಅದರಲ್ಲಿಡಬಹುದು. ಒಲೆಯ ಮೇಲಿನ ಗೂಡಿನಲ್ಲಿ ಮಾತ್ರ ಬೇಡ.

ಆ ಮನೆಗೆ ನಾನು ಈಗಲೂ ಹೋಗುತ್ತಿರುತ್ತೇನೆ. ಎಂಟು ತಿಂಗಳು ಪ್ರಯಾಸಪಟ್ಟು ಆಕೆ ಎಚ್‌ಬಿ ಎ೧ಸಿಯನ್ನು ೬.೪ಕ್ಕೆ ಇಳಿಸಿಕೊಂಡಳು. ಆಮೇಲೆಯೇ ಎರಡನೆಯ ಬಸುರು ನಿಂತಿತು. ಈಗ ಹನ್ನೊಂದನೆಯ ವಾರ. ಅತ್ತೆಗೆ ಅಕ್ಷರ ಬಾರದು, ಆದರೆ ಡೇರಿಗೆ ಹಾಲು ಹಾಕಿ ಹಾಕಿ ಅಂಕಿ ಓದುವುದು ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ಎದ್ದು ಸೊಸೆಯ ಬೆರಳು ಚುಚ್ಚಿ ನೋಡುವವರು ಅವರೇ. ೭೦ಕ್ಕೆ ಕೆಳಗೆ ಬಂದರೆ ಕುಡಿಸಲು ಗ್ಲುಕೋಸ್ ಕದಡಿದ ಲೋಟ ತಲೆದೆಸೆಯಲ್ಲಿ ಮುಚ್ಚಿಟ್ಟಿರುತ್ತದೆ.