ಅಂಗಡಿಯ ಹೆಸರೂ ವ್ಯಾಪಾರಮುದ್ರೆಯೂ

ಎರ್ನಾಕುಳದಲ್ಲಿ ದೂರಪ್ರಯಾಣದ ಬಸ್ಸಿಗೆ ಕಾದು ನಿಂತವರಿಗೆ ಒಂದು ಸಣ್ಣ ಸೋಜಿಗ ಕಾಣಸಿಗುವುದುಂಟು. ತಿರುವನಂತಪುರಕ್ಕೆ ಹೊರಟ ಬಸ್ಸಿನ ಮೇಲೂ ಬೆಂಗಳೂರಿಗೆ ಹೊರಟ ಬಸ್ಸಿನ ಮೇಲೂ ‘ಕೆ.ಎಸ್.ಆರ್.ಟಿ.ಸಿ.’ ಎಂಬ ಅವೇ ಐದು ಅಕ್ಷರಗಳು. ತಿರುವಿತಾಂಕೂರು ಸಂಸ್ಥಾನ ೧೯೩೮ರಲ್ಲಿ ಆರಂಭಿಸಿದ ಸಾರಿಗೆ ಇಲಾಖೆ ೧೯೬೫ರಲ್ಲಿ ಕೇರಳದ ನಿಗಮವಾಯಿತು. ಮೈಸೂರಿನ ಸಾರಿಗೆ ನಿಗಮ ೧೯೬೧ರಲ್ಲಿಯೇ ಹುಟ್ಟಿದ್ದರೂ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ೧೯೭೩ರಲ್ಲಿ; ಆದುದರಿಂದ ಆ ಐದು ಅಕ್ಷರಗಳು ಅದಕ್ಕೆ ದೊರೆತದ್ದು ಆಮೇಲೆಯೇ. ಹೀಗಿದ್ದೂ ಅವುಗಳನ್ನು ಮೊದಲು ತನ್ನ ಮುದ್ರೆಯಾಗಿ ನೋಂದಾಯಿಸಿಕೊಂಡುದು ಕರ್ನಾಟಕ, ೨೦೧೩ರಲ್ಲಿ. ಕೇರಳ ಇದನ್ನು ಪ್ರಶ್ನಿಸಿತು. ವ್ಯಾಜ್ಯವು ಚೆನ್ನೈಯ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಲಿಯ ಮುಂದಿರುವಾಗಲೇ ೨೦೨೧ರಲ್ಲಿ ಆ ಮಂಡಲಿ ರದ್ದಾಯಿತು. ಆ ವರ್ಷ ಹೆಸರು ಕೇರಳಕ್ಕೆ ಸಂದಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಅಂತಹ ಅಂತಿಮ ಆಜ್ಞೆ ಯಾವುದೂ ಇಲ್ಲವೆಂದು ಕರ್ನಾಟಕ ಹೇಳಿತು. ೨೦೨೩ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಕೇರಳದ ಅರ್ಜಿಯನ್ನು ತಳ್ಳಿಹಾಕಿತು. ಎರಡೂ ನಿಗಮಗಳ ಬಸ್ಸುಗಳು ಅದೇ ಹೆಸರಿನಲ್ಲಿ ಓಡುತ್ತಿವೆ.

ಖಜಾನೆಯೂ ವಕೀಲರೂ ಬೆನ್ನಿಗಿರುವ ಸರ್ಕಾರಿ ನಿಗಮಗಳು ಇಷ್ಟು ಕಾಲ ವ್ಯಾಜ್ಯವಾಡಿ ತಾಳಿಕೊಂಡವು. ಎರ್ನಾಕುಳದ ಬ್ರಾಡ್‌ವೇಯಲ್ಲೋ ತಿರುವನಂತಪುರದ ಚಾಲ ಬಜಾರಿನಲ್ಲೋ ಸಾಲ ಮಾಡಿ ಮಳಿಗೆ ತೆರೆದವನು ತಾಳಿಕೊಳ್ಳಲಾರ. ಐದಾರು ವರ್ಷ ದುಡಿದು ಗಿರಾಕಿಗಳ ಬಾಯಲ್ಲಿ ನೆಲೆಗೊಳಿಸಿದ ಹೆಸರನ್ನು ನ್ಯಾಯಾಲಯದ ತಡೆಯಾಜ್ಞೆಯಿಂದ ಒಂದು ದಿನ ಇಳಿಸಬೇಕಾಗಿ ಬಂದರೆ, ಹೋಗುವುದು ಹಲಗೆ ಮಾತ್ರವಲ್ಲ, ಅಷ್ಟು ವರ್ಷಗಳ ವಿಶ್ವಾಸವೂ ಹೋಗುತ್ತದೆ. ಕೇರಳದ ಈ ಎರಡು ನಗರಗಳಲ್ಲಿ ಹೊಸದಾಗಿ ಅಂಗಡಿಯಿಡುವ ನಮ್ಮವರು ಹೆಸರನ್ನು ಆರಿಸುವಾಗ ಯಾವುದನ್ನು ಗಮನಿಸಬೇಕೆಂಬುದೇ ಈ ಲೇಖನದ ವಿಷಯ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ನಗರಸಭೆಯ ಲೈಸೆನ್ಸು, ಅಂಗಡಿಗಳ ಕಾಯಿದೆಯ ನೋಂದಣಿ, ಜಿ.ಎಸ್.ಟಿ. ಸಂಖ್ಯೆ, ಕಂಪನಿಯ ನೋಂದಣಿಪತ್ರ ಇವೆಲ್ಲವೂ ವ್ಯಾಪಾರ ನಡೆಸಲು ಬೇಕಾದುವೇ. ಆದರೆ ಇವುಗಳಲ್ಲಿ ಯಾವುದೂ ಹೆಸರಿನ ಒಡೆತನವನ್ನು ಕೊಡುವುದಿಲ್ಲ. ಅದನ್ನು ಕೊಡುವುದು ವ್ಯಾಪಾರಮುದ್ರೆಯ ಕಾಯಿದೆ, ಎಂದರೆ ಜನ ‘ಟ್ರೇಡ್ ಮಾರ್ಕ್’ ಎಂದು ಕರೆಯುವ ವಿಷಯಕ್ಕೆ ಸಂಬಂಧಿಸಿದ ೧೯೯೯ರ ಶಾಸನ. ಇದು ಜಾರಿಗೆ ಬಂದದ್ದು ೨೦೦೩ರಲ್ಲಿ. ಇದರ ಮೇರೆಗೆ ನೋಂದಾಯಿತವಾದ ಮುದ್ರೆಗೆ ದೇಶದಾದ್ಯಂತ ಬಲವುಂಟು. ಅದೇ ಸರಕನ್ನು ಮಾರುವ ಇನ್ನೊಬ್ಬನು ಆ ಹೆಸರನ್ನು ತನ್ನ ಅಂಗಡಿಗೆ ಇಟ್ಟುಕೊಳ್ಳುವುದೇ ಉಲ್ಲಂಘನೆಯೆಂದು ೨೯ನೆಯ ವಿಧಿ ಹೇಳುತ್ತದೆ. ಅಮೃತಸರದ ಮುದ್ರೆಯೊಂದು ಕೊಚ್ಚಿಯ ಹಲಗೆಯನ್ನು ಇಳಿಸಬಲ್ಲುದು.

ಹೊರನಾಡಿನಲ್ಲಿ ಅಂಗಡಿ ತೆರೆಯುವ ಕನ್ನಡಿಗನಿಗೆ ಸಹಜವಾಗಿ ನೆನಪಾಗುವ ಹೆಸರುಗಳು ಮೂರು ಬಗೆಯವು: ಬಿಟ್ಟುಬಂದ ಊರು, ಮನೆಯ ದೇವರು, ಮನೆತನ. ನಮಗೆ ಅತ್ಯಂತ ಪ್ರಿಯವಾದ ಈ ಹೆಸರುಗಳೇ ಕಾಯಿದೆಯ ದೃಷ್ಟಿಯಲ್ಲಿ ಅತ್ಯಂತ ದುರ್ಬಲವಾದುವು. ಇದು ವಿಚಿತ್ರವಾಗಿ ತೋರಿದರೂ ಕಾರಣ ಸರಳವಾಗಿದೆ. ನನಗೆ ಪ್ರಿಯವಾದ ಊರು ನನ್ನಂತಹ ಸಾವಿರ ಜನಕ್ಕೂ ಪ್ರಿಯವಷ್ಟೆ.

ಉಡುಪಿಯ ಹೆಸರನ್ನೇ ನೋಡಬಹುದು. ದಕ್ಷಿಣ ಭಾರತದ ಪಟ್ಟಣಗಳಲ್ಲೆಲ್ಲ ‘ಉಡುಪಿ’ ಎಂದರೆ ಸಸ್ಯಾಹಾರದ ಹೋಟೆಲು ಎಂಬ ಅರ್ಥವೇ ರೂಢವಾಗಿದೆ. ಸರಕಿನ ಗುಣವನ್ನೋ ಹುಟ್ಟಿದ ಸ್ಥಳವನ್ನೋ ಸೂಚಿಸುವ ಪದವನ್ನು, ವ್ಯಾಪಾರದಲ್ಲಿ ಎಲ್ಲರೂ ಬಳಸುವ ಪದವನ್ನು ಒಬ್ಬನ ಸ್ವತ್ತಾಗಿ ನೋಂದಾಯಿಸಕೂಡದೆಂಬುದು ೯ನೆಯ ವಿಧಿಯ ನಿಯಮ. ದೀರ್ಘಕಾಲದ ಬಳಕೆಯಿಂದ ಆ ಪದವು ಒಬ್ಬನ ಸರಕನ್ನೇ ಸೂಚಿಸುವಂತಾಗಿದ್ದರೆ ಅಪವಾದ ಉಂಟು; ಆದರೆ ಇಂದು ಬಾಗಿಲು ತೆರೆಯುವ ಅಂಗಡಿಗೆ ಅದರಿಂದೇನು ಪ್ರಯೋಜನ? ಮೈಸೂರು ರೇಷ್ಮೆ, ಬಲರಾಮಪುರದ ಕೈಮಗ್ಗದ ಸೀರೆ, ಆರನ್ಮುಳದ ಕನ್ನಡಿ ಇವುಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಅವು ಭೌಗೋಳಿಕ ಸೂಚಕಗಳೆಂದು ಬೇರೆ ಶಾಸನದ ಮೇರೆಗೆ ನೋಂದಾಯಿತವಾಗಿದ್ದು, ಹೆಸರಿನ ಹಕ್ಕು ಅಲ್ಲಿಯ ಉತ್ಪಾದಕರೆಲ್ಲರಿಗೂ ಸೇರಿದೆ. ಅಂಗಡಿಯವನು ಆ ಸರಕನ್ನು ಮಾರಬಹುದು, ಅದರ ಹೆಸರನ್ನು ತನ್ನದಾಗಿಸಿಕೊಳ್ಳಲಾರ.

ದೇವರ ಹೆಸರಿನ ಸಂಗತಿಯನ್ನು ಸ್ಪಷ್ಟಪಡಿಸಿದ ಮೊಕದ್ದಮೆ ನಮ್ಮ ನಾಡಿನದೇ. ಕರ್ನಾಟಕದ ಹಾಲು ಮಹಾಮಂಡಲ ೧೯೮೫ರಿಂದ ‘ನಂದಿನಿ’ ಎಂಬ ಹೆಸರನ್ನು ಬಳಸುತ್ತಿತ್ತು. ೧೯೮೯ರಲ್ಲಿ ಬೆಂಗಳೂರಿನ ಹೋಟೆಲೊಂದು ‘ನಂದಿನಿ ಡಿಲಕ್ಸ್’ ಎಂಬ ಹೆಸರಿನಿಂದ ಆರಂಭವಾಗಿ, ಆಮೇಲೆ ತನ್ನ ಮುದ್ರೆಯ ನೋಂದಣಿಗೆ ಅರ್ಜಿಯಿಟ್ಟಿತು. ಮಹಾಮಂಡಲದ ಆಕ್ಷೇಪಣೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಗೆದ್ದಿತು, ೨೦೧೮ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಿತು. ನಂದಿನಿಯೆಂಬುದು ಪುರಾಣದ ಧೇನುವಿನ ಹೆಸರು, ಮಹಾಮಂಡಲ ಸೃಷ್ಟಿಸಿದ ಪದವಲ್ಲ. ಹಾಲು ಬೇರೆ, ಹೋಟೆಲಿನ ಊಟ ಬೇರೆ. ಎರಡು ಮುದ್ರೆಗಳ ಚಿತ್ರರೂಪವೂ ಬೇರೆ ಎಂಬುದು ತೀರ್ಪಿನ ಸಾರ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಹೋಟೆಲಿನವರು ತಮ್ಮ ಕೋರಿಕೆಯಿಂದ ಬಿಡಬೇಕಾಯಿತು. (೨೦೨೩ರಲ್ಲಿ ಕೇರಳದ ನಂದಿನಿ ಮಳಿಗೆಗಳಿಗೆ ಅಲ್ಲಿಯ ಮಿಲ್ಮಾ ಒಡ್ಡಿದ ವಿರೋಧ ಬೇರೆಯದು, ಅದು ಮಾರುಕಟ್ಟೆಯ ಜಗಳ, ಹೆಸರಿನದಲ್ಲ.) ೨೦೧೫ರಲ್ಲಿ ‘ರಾಮಾಯಣ’ ಎಂಬ ಹೆಸರನ್ನು ಊದುಬತ್ತಿಗೆ ಮುದ್ರೆಯಾಗಿ ಕೇಳಿದವರಿಗೂ ಅದೇ ನ್ಯಾಯಾಲಯ, ಪವಿತ್ರ ಗ್ರಂಥದ ಹೆಸರು ಒಬ್ಬರ ಏಕಸ್ವಾಮ್ಯವಾಗಲಾರದೆಂದು ಹೇಳಿತು. ಹೀಗಿರಲು ‘ಶ್ರೀಕೃಷ್ಣ’ ಎಂದೋ ‘ಮಂಜುನಾಥ’ ಎಂದೋ ಹಲಗೆ ಬರೆಸುವವರು ದೇವರ ಕೃಪೆಯನ್ನು ನಂಬಬಹುದು, ಕಾಯಿದೆಯ ರಕ್ಷಣೆಯನ್ನು ಹೆಚ್ಚಾಗಿ ನಂಬಬಾರದು.

ಮನೆತನದ ಹೆಸರು ಇವೆರಡಕ್ಕಿಂತ ಸ್ವಲ್ಪ ಗಟ್ಟಿ. ಮಟ್ಟಾಂಚೇರಿಯ ಬೀದಿಗಳಲ್ಲಿ ಶೆಣೈ, ಪೈ, ಪ್ರಭು, ಕಾಮತರ ಹಲಗೆಗಳು ಹಳೆಯವು. ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವನನ್ನು ತಡೆಯಬಾರದೆಂದು ೩೫ನೆಯ ವಿಧಿ ಹೇಳುತ್ತದೆ. ‘ರಾಕ್ಯಾನ್’ ಎಂಬ ಮನೆತನದ ಎರಡು ಆಭರಣದ ಅಂಗಡಿಗಳ ವ್ಯಾಜ್ಯದಲ್ಲಿ ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಆದರೆ ಈ ವಿಧಿ ಇಬ್ಬಾಯಿಯ ಕತ್ತಿ. ಅದು ನನ್ನನ್ನು ಕಾಯುವಂತೆ ನನ್ನ ದಾಯಾದಿಯನ್ನೂ ಕಾಯುತ್ತದೆ. ಪಾಲಾಗುವ ಕಾಲಕ್ಕೆ ಹೊಲಮನೆಗಳೊಡನೆ ಹೆಸರು ಯಾರಿಗೆಂಬುದನ್ನೂ ಪಾಲುಪತ್ರದಲ್ಲಿ ಬರೆಸಬೇಕಾದ ಅಗತ್ಯ ನಮ್ಮ ವರ್ತಕರಿಗೆ ಇನ್ನೂ ಮನವರಿಕೆಯಾದಂತಿಲ್ಲ.

ಹಾಗಾದರೆ ಹೆಸರು ನಿಜವಾಗಿ ಯಾರದು? ಮೊದಲು ಬಳಸಿದವನದು ಎಂಬುದು ನಮ್ಮ ನ್ಯಾಯಾಲಯಗಳ ಉತ್ತರ. ತಿರುನೆಲ್ವೇಲಿಯ ‘ಇರುಟ್ಟುಕ್ಕಡೈ’ ಹಲ್ವದ ಮೊಕದ್ದಮೆ ಇದಕ್ಕೆ ಒಳ್ಳೆಯ ನಿದರ್ಶನ. ಇರುಟ್ಟುಕ್ಕಡೈ ಎಂದರೆ ಕತ್ತಲೆಯ ಅಂಗಡಿ. ಮಂದಬೆಳಕಿನ ಮಳಿಗೆಗೆ ಸಲ್ಲುವ ಈ ಹೆಸರೇ ಹಲ್ವದ ಕೀರ್ತಿಯೂ ಆಯಿತು. ಮತ್ತೊಬ್ಬ ವರ್ತಕ ಅದರ ಹಿಂದೆ ‘ರಾಜಾ’ ಎಂಬುದನ್ನು ಸೇರಿಸಿ ತನ್ನದೂ ನೋಂದಾಯಿತವೆಂದು ವಾದಿಸಿದ. ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯ, ನೋಂದಣಿಗಿಂತ ಮೊದಲಿನ ಬಳಕೆಯ ಹಕ್ಕು ಮೇಲಿನದೆಂದು ತೀರ್ಪಿತ್ತಿತು. ೩೪ನೆಯ ವಿಧಿಯ ಆಶಯವೂ ಇದೇ. ನೋಂದಣಿಯಿಲ್ಲದ ಹಳೆಯ ಅಂಗಡಿಯವನು ಕೂಡ, ತನ್ನ ಹೆಸರಿನ ಮರೆಯಲ್ಲಿ ಇನ್ನೊಬ್ಬನು ಸರಕು ಸಾಗಿಸುತ್ತಿದ್ದರೆ, ದಾವೆ ಹೂಡಬಹುದು. ಆದುದರಿಂದ ಮುದ್ರೆಗಳ ದಾಖಲೆಯಲ್ಲಿ ಹುಡುಕಿದರೆ ಸಾಲದು; ಪೇಟೆಯಲ್ಲಿಯೂ ವಿಚಾರಿಸಬೇಕು. ಪಕ್ಕದ ಜಿಲ್ಲೆಯ ಬೇಕರಿಯೊಂದು ಮೂವತ್ತು ವರ್ಷಗಳಿಂದ ಆ ಹೆಸರನ್ನು ಬಳಸುತ್ತಿದ್ದರೆ ದಾಖಲೆಯಲ್ಲಿ ಅದು ಕಾಣದೆ ಹೋಗಬಹುದು.

ಹುಡುಕುವಾಗ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ‘ಅಮೃತಧಾರಾ’ ಎಂಬ ಔಷಧದ ಒಡೆಯರು ‘ಲಕ್ಷ್ಮಣಧಾರಾ’ ಎಂಬ ಹೆಸರನ್ನು ಆಕ್ಷೇಪಿಸಿದಾಗ, ಅಲಹಾಬಾದಿನ ಉಚ್ಚ ನ್ಯಾಯಾಲಯ ಪದಗಳನ್ನು ಬಿಡಿಸಿ, ಅಮೃತದ ಧಾರೆಗೂ ಲಕ್ಷ್ಮಣನ ಧಾರೆಗೂ ಸಾಮ್ಯವಿಲ್ಲವೆಂದಿತು. ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಔಷಧ ಕೊಳ್ಳುವ ಹಳ್ಳಿಯವನು ಸಮಾಸವನ್ನು ವಿಗ್ರಹಿಸುತ್ತ ನಿಲ್ಲುವುದಿಲ್ಲ; ಸಾಮಾನ್ಯ ಬುದ್ಧಿಯ, ಮಸುಕು ನೆನಪಿನ ಗಿರಾಕಿಗೆ ಒಟ್ಟು ಧ್ವನಿ ಹೇಗೆ ಕೇಳುವುದೆಂಬುದೇ ಮುಖ್ಯವೆಂದಿತು. ಆದರೂ ಮೊದಲಿನವರು ಬಹುಕಾಲ ಸುಮ್ಮನಿದ್ದ ಕಾರಣ ಎರಡನೆಯ ಹೆಸರಿಗೆ ಉತ್ತರ ಪ್ರದೇಶದ ಮಟ್ಟಿಗೆ ನೋಂದಣಿ ದೊರೆಯಿತು. ನಮ್ಮ ವೈಯಾಕರಣರಿಗೆ ಈ ತೀರ್ಪು ಹಿತವಾಗದಿರಬಹುದು, ವ್ಯಾಪಾರಿಗೆ ಪಥ್ಯ.

ಲಿಪಿಯನ್ನು ಬದಲಿಸಿದರೂ ಪಾರಾಗುವಂತಿಲ್ಲ. ಇಂಗ್ಲಿಷ್ ಅಥವಾ ಹಿಂದಿಯಲ್ಲದ ಪದಕ್ಕೆ ಅರ್ಜಿಯಲ್ಲಿ ಲಿಪ್ಯಂತರವನ್ನೂ ಅರ್ಥವನ್ನೂ ಕೊಡಬೇಕು. ಗಾಜಿನ ಅಂಗಡಿಗೆ ‘ಕಣ್ಣಾಡಿ’ ಎಂದು ಮಲಯಾಳದಲ್ಲಿ ಬರೆದರೂ ಅದು ಕನ್ನಡದ ಕನ್ನಡಿಯೇ, ಬರಿಯ ವಸ್ತುವಾಚಕ. ‘ಕಸವು’ ಎಂಬುದು ಕನ್ನಡಿಗನ ಕಿವಿಗೆ ಕಸದಂತೆ ಕೇಳಿಸೀತು; ಮಲಯಾಳಿಗೆ ಅದು ಸೀರೆಯಂಚಿನ ಜರಿ, ಆದುದರಿಂದಲೇ ಸೀರೆಯಂಗಡಿಯವನಿಗೆ ದಕ್ಕದು. ನಿಘಂಟಿನಲ್ಲಿ ಇಲ್ಲದ ಹೊಸ ಪದ, ಇಲ್ಲವೆ ಮಾರುವ ಸರಕಿಗೆ ಸಂಬಂಧವೇ ಇಲ್ಲದ ಪದ, ಇವೇ ಗಟ್ಟಿಯಾದ ಮುದ್ರೆಗಳು. ದೇವರ ಹೆಸರೋ ಊರಿನ ಹೆಸರೋ ಬೇಕೇಬೇಕೆನ್ನುವವರು ಅದರ ಮುಂದೆ ಇಂತಹ ಒಂದು ಪದವನ್ನು ಜೋಡಿಸಿ, ಅಕ್ಷರದ ಆಕಾರದಲ್ಲಿಯೂ ಚಿತ್ರದಲ್ಲಿಯೂ ವಿಶೇಷವನ್ನು ತಂದು, ಇಡಿಯಾಗಿ ನೋಂದಾಯಿಸಬಹುದು. ಆಗ ಹಕ್ಕು ಇಡಿಯ ಮುದ್ರೆಗೇ ಹೊರತು ಬಿಡಿ ಪದಕ್ಕಲ್ಲ.

ಕೇರಳ ಕರ್ನಾಟಕಗಳೆರಡಕ್ಕೂ ನೋಂದಣಿಯ ಕಚೇರಿ ಚೆನ್ನೈಯಲ್ಲಿದೆ. ಅಲ್ಲಿಗೆ ಹೋಗಬೇಕಾಗಿಲ್ಲ, ಅರ್ಜಿಯನ್ನು ಅಂತರ್ಜಾಲದಲ್ಲಿ ಸಲ್ಲಿಸಬಹುದು. ಸರಕುಗಳಿಗೂ ಸೇವೆಗಳಿಗೂ ಸೇರಿ ೪೫ ವರ್ಗಗಳಿವೆ: ಚಿಲ್ಲರೆ ಮಾರಾಟದ ಸೇವೆ ೩೫ನೆಯದು, ಹೋಟೆಲು ೪೩, ಸಿದ್ಧ ಉಡುಪು ೨೫, ಆಭರಣ ೧೪. ವರ್ಗವೊಂದಕ್ಕೆ ಅಂತರ್ಜಾಲದ ಅರ್ಜಿಯ ಶುಲ್ಕ ಒಬ್ಬ ವ್ಯಕ್ತಿಗೂ ಸಣ್ಣ ಉದ್ಯಮಕ್ಕೂ ೪,೫೦೦ ರೂಪಾಯಿ, ಇತರರಿಗೆ ೯,೦೦೦. ಪರೀಕ್ಷೆಯಲ್ಲಿ ಅಂಗೀಕೃತವಾದ ಮುದ್ರೆ ಗೆಜೆಟ್ಟಿನಂತಹ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರಾದರೂ ಆಕ್ಷೇಪಿಸಬಹುದು. ನೋಂದಣಿ ಹತ್ತು ವರ್ಷದ್ದು, ಮತ್ತೆ ಮತ್ತೆ ನವೀಕರಿಸಬಹುದು. ಯಾವ ದಿನದಿಂದ ಹೆಸರನ್ನು ಬಳಸುತ್ತಿರುವಿರೆಂದು ಅರ್ಜಿಯಲ್ಲಿ ಕೇಳುವರು, ರುಜುವಾತನ್ನೂ ಕೇಳುವರು. ಆದುದರಿಂದ ಬಾಗಿಲು ತೆರೆದ ದಿನದ ಮೊದಲ ಬಿಲ್ಲನ್ನೂ, ಹಲಗೆ ಬರೆದವನಿಗೆ ಕೊಟ್ಟ ಹಣದ ರಸೀದಿಯನ್ನೂ, ಆ ದಿನದ ಒಂದು ಛಾಯಾಚಿತ್ರವನ್ನೂ ಲೆಕ್ಕದ ಪುಸ್ತಕಗಳೊಡನೆ ತೆಗೆದಿರಿಸಬೇಕು.